ದಿನಾ ಸಾಯುವ ವಾಸ್ವ

ಪರದೆಯ ಮೇಲೆ ಒಬ್ಬನ ತಲೆ ಹಾರಿ ಮೀನಿನ ಬುಟ್ಟಿಗೆ ಬಿದ್ದಾಗ ಪೊನ್ಸಿಯಾನೊ ಸುಟ್ಟ ಜೋಳ ತಿನ್ನುತ್ತಿದ್ದ. ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ಮೈಕು. ಬಾಯಲ್ಲಿದ್ದ ಕಾಳನ್ನು ಒಂದು ದವಡೆಗೆ ಒತ್ತರಿಸಿಕೊಂಡು, ಪರದೆಯ ಕಡೆ ಸರಿಯಾಗಿ ನೋಡದೆಯೇ ಕೂಗಿದ.

“ಅಯ್ಯಯ್ಯೋ, ಹೋದನಲ್ಲಪ್ಪಾ ದರ್ಜಿ ಲುಬೊವ! ಹಬ್ಬಕ್ಕೆ ಬಟ್ಟೆ ಕೊಟ್ಟೋರೆಲ್ಲಾ ಓಡಿ, ಓಡಿ! ಅಳತೆ ಅವನ ತಲೇಲೇ ಇತ್ತು, ತಲೆ ಬುಟ್ಟೀಲಿದೆ!”

ಶೆಡ್ಡು ನಗೆಯಲ್ಲಿ ಮುಳುಗಿತು. ಮೂರನೇ ಬೆಂಚಿನಲ್ಲಿದ್ದ ದರ್ಜಿ ಲುಬೊವ ಎದ್ದು ನಿಂತು, ಚುನಾವಣೆ ಗೆದ್ದವನ ಹಾಗೆ ಎರಡೂ ಕೈ ಎತ್ತಿ ಸುತ್ತ ತಿರುಗಿದ. “ಸತ್ತೆ ಕಣ್ರೋ, ಸತ್ತೆ! ಈ ವಾರ ನಾನೇ ಫಸ್ಟು!” ಎಂದ. ಪಕ್ಕದಲ್ಲಿದ್ದವರು ಅವನ ಬೆನ್ನು ತಟ್ಟಿದರು.

ಕಂಪಾಲದ ನತೀಟೆ ಮಾರುಕಟ್ಟೆಯ ಹಿಂದೆ ಹಾಜಿ ಸೆಬ್ಯಾಲನ ತಗಡಿನ ಶೆಡ್ಡು ಅದು. ಮಧ್ಯಾಹ್ನದ ಆಟಕ್ಕೆ ಕೂತವರು ಒಳಗೇ ಬೆಂದುಹೋಗುತ್ತಾರೆ. ಆದರೂ ಬರುತ್ತಾರೆ. ಸಿನಿಮಾ ಚೀನಾದ್ದೋ ಅಮೆರಿಕದ್ದೋ ಇನ್ನಾವ ದೇಶದ್ದೋ, ಅಲ್ಲಿಯವರು ಆಡುವ ಮಾತು ಇಲ್ಲಿ ಯಾರಿಗೂ ತಿಳಿಯದು. ತಿಳಿಯಬೇಕಾಗಿಯೂ ಇಲ್ಲ. ಪರದೆಯ ಪಕ್ಕ ಮೈಕು ಹಿಡಿದು ಕೂತ ವೀಜೆ ತಮ್ಮ ಭಾಷೆಯಲ್ಲಿ ಏನು ಹೇಳುತ್ತಾನೋ ಅದೇ ಕಥೆ. ಅಣ್ಣತಮ್ಮಂದಿರನ್ನು ಅವನು ಮಾವ ಅಳಿಯ ಮಾಡಿದರೂ ಕೇಳುವವರಿಲ್ಲ. ಒಳ್ಳೆಯ ವೀಜೆ ಇದ್ದರೆ ಕೆಟ್ಟ ಸಿನಿಮಾಕ್ಕೂ ಜಾಗ ಸಿಗುವುದಿಲ್ಲ. ವೀಜೆ ಇಲ್ಲದಿದ್ದರೆ ಎಂಥ ಸಿನಿಮಾ ಹಾಕಿದರೂ ಹಾಜಿ ನೊಣ ಹೊಡೆಯಬೇಕು. ಅದಕ್ಕೇ ಹಾಜಿ ಪೊನ್ಸಿಯಾನೊನನ್ನು ಹೆಂಡತಿಗಿಂತ ಹೆಚ್ಚು ಓಲೈಸುತ್ತಿದ್ದ.

ಪೊನ್ಸಿಯಾನೊನ ವಿಶೇಷವೇ ಅದು, ಸಾಯುವವರಿಗೆ ಹೆಸರಿಡುವುದು. ನಾಯಕ ಯಾರು, ಖಳ ಯಾರು ಎಂದು ಯಾವ ವೀಜೆ ಬೇಕಾದರೂ ಹೇಳಿಯಾನು. ನಾಯಕನ ಒಂದೇ ಗುಂಡಿಗೆ ಸಾಲಾಗಿ ಉರುಳುವ ಕೂಲಿ ರೌಡಿಗಳಿರುತ್ತಾರಲ್ಲ, ಮುಖ ಕೂಡ ಸರಿಯಾಗಿ ಕಾಣದವರು, ಅವರಿಗೆ ಪೊನ್ಸಿಯಾನೊ ನತೀಟೆಯ ಜನರ ಹೆಸರಿಡುತ್ತಿದ್ದ. ಚಪಾತಿ ಅಂಗಡಿಯ ಬಾಗೂಮ ಕಟ್ಟಡದಿಂದ ಬೀಳುತ್ತಿದ್ದ. ಇದ್ದಿಲು ಮಾರುವ ಕಿಸಿಟು ಎರಡು ಹೋಳಾಗುತ್ತಿದ್ದ. ಜನಕ್ಕೆ ಅದರ ಹುಚ್ಚು ಎಷ್ಟು ಹಿಡಿದಿತ್ತೆಂದರೆ, ಬೆಳಿಗ್ಗೆ ದಾರಿಯಲ್ಲಿ ತಡೆದು ಕೇಳುವರು: “ಅಣ್ಣಾ, ನನ್ನ ಸಾಯಿಸಿ ಎಷ್ಟು ದಿನ ಆಯ್ತು? ಮರ್ತೇಬಿಟ್ಯಾ?”

ಇದು ಶುರುವಾದದ್ದು ಹೀಗಲ್ಲ. ಪೊನ್ಸಿಯಾನೊ ಲುವೇರೊ ಕಡೆಯವನು. ಸರ್ಕಾರಕ್ಕೂ ಬಂಡುಕೋರರಿಗೂ ನಡೆದ ಯುದ್ಧ ಮುಗಿದ ವರ್ಷ ಅಲ್ಲಿ ರಸ್ತೆಯ ಬದಿಗೆ ಹಲಗೆ ಹಾಕಿ, ಹೊಲದಲ್ಲಿ ಸಿಕ್ಕ ಬುರುಡೆಗಳನ್ನು ಜೋಡಿಸಿಟ್ಟಿದ್ದರು. ಶಾಲೆಗೆ ಅದೇ ದಾರಿ. ಅಜ್ಜಿ ಅವನ ಕೈ ಹಿಡಿದುಕೊಂಡು, ಆ ಹಲಗೆಯ ಮುಂದೆ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. “ಇದು ನಿಮ್ಮ ದೊಡ್ಡಪ್ಪ ಇರ್ಬೇಕು, ಹಲ್ಲು ನೋಡು. ಇದು ಆ ಬೈಸಿಕಲ್ ರಿಪೇರಿಯವನು. ಹೆಸರಿಲ್ದೆ ಬಿಡಬಾರ್ದು ಮಗಾ, ಪಾಪ” ಎನ್ನುವಳು. ಅವನಿಗೆ ಹೊಟ್ಟೆ ತೊಳಸುತ್ತಿತ್ತು. ರಾತ್ರಿಯ ಊಟ ಸೇರುತ್ತಿರಲಿಲ್ಲ.

ಕಂಪಾಲಕ್ಕೆ ಬಂದು ಮೈಕು ಹಿಡಿದ ಹೊಸತರಲ್ಲಿ ಸಿನಿಮಾದ ರಕ್ತ ನೋಡಿದರೂ ಅದೇ ತೊಳಸಾಟ. ಒಂದು ದಿನ ತಡೆಯಲಾರದೆ, ಪರದೆಯ ಮೇಲೆ ಸತ್ತುಬಿದ್ದ ಯಾರೋ ಒಬ್ಬನನ್ನು ತೋರಿಸಿ, “ಇವನ ಹೆಸರು ಮುಸೊಕೆ. ಮಸಾಕದವನು. ಸಂಜೆ ಬರ್ತೀನಿ ಅಂತ ಹೆಂಡ್ತಿಗೆ ಹೇಳಿ ಬಂದಿದ್ದ” ಎಂದುಬಿಟ್ಟ. ಶೆಡ್ಡು ತಣ್ಣಗಾಯಿತು. ಒಬ್ಬ ಮುದುಕಿ ಲೊಚಗುಟ್ಟಿದಳು. ಮರುದಿನ ಇನ್ನೊಬ್ಬನಿಗೆ ಹೆಸರಿಟ್ಟಾಗ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆ ಮೇಲೆ ಇನ್ನೊಬ್ಬ, “ನನ್ನ ಹೆಸರಿಡಣ್ಣಾ” ಎಂದ. ಅಲ್ಲಿಗೆ ಮುಗಿಯಿತು. ಕನಿಕರದಿಂದ ಹುಟ್ಟಿದ್ದು ಕುಚೋದ್ಯವಾಯಿತು. ಕುಚೋದ್ಯಕ್ಕೆ ಜನ ಸೇರಿದರು. ಜನ ಸೇರಿದ ಮೇಲೆ ಬಿಡುವುದುಂಟೆ?

ಇಪ್ಪತ್ತು ವರ್ಷ ಹತ್ತಿರ ಬಂತು. ದಿನಾ ಸಾಯುವವರಿಗೆ ಅಳುವವರು ಯಾರು? ಈಗ ಕರುಳು ಹೊರಗೆ ಬಿದ್ದರೂ ಅವನ ಊಟ ನಿಲ್ಲುತ್ತಿರಲಿಲ್ಲ. ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ. ಜನರೂ ಹಾಗೇ ಆಗಿದ್ದರು. ಮೊದಲು ಒಂದು ಕೈ ಕತ್ತರಿಸಿದರೆ ಕಿರುಚುತ್ತಿದ್ದವರಿಗೆ ಈಗ ಗರಗಸ ಬೇಕು, ಹಿಟ್ಟಿನ ಗಿರಣಿ ಬೇಕು. ಹಾಜಿ ಅಂಥವನ್ನೇ ಹುಡುಕಿ ತರುತ್ತಿದ್ದ. “ಇದ್ರಲ್ಲಿ ಒಬ್ಬನ್ನ ಐಸ್ ಪುಡಿ ಮಾಡೋ ಮಿಷನ್ನಿಗೆ ಹಾಕ್ತಾರಂತೆ ಪೊನ್ಸಿ! ಚೆನ್ನಾಗಿ ಹೇಳು” ಎನ್ನುವನು. ಪೊನ್ಸಿಯಾನೊ ಆಕಳಿಸಿ, “ಹಾಕು ಹಾಜಿ, ಹಾಕು” ಎನ್ನುವನು. ಅವನಿಗೆ ಸಾಕಾಗಿತ್ತು. ಸಾಕು ಎನ್ನುವುದಕ್ಕೂ ಬೇಸರವಾಗಿತ್ತು.

ಎಲ್ಲರಿಗಿಂತ ಹೆಚ್ಚು ಸಲ ಸತ್ತವನು ವಾಸ್ವ. ಮಾರುಕಟ್ಟೆಯ ಬಾಯಲ್ಲಿ ಗೋಣಿ ಹಾಸಿಕೊಂಡು ಹಳೆಯ ಬೂಟು ಮಾರುವ ಹುಡುಗ. ಇಪ್ಪತ್ತೆರಡೋ ಮೂರೋ ವಯಸ್ಸು, ಹಲ್ಲು ಕಿಸಿಯುತ್ತಲೇ ಇರುವ ಮುಖ, ಬೈದರೂ ನಗುವ ಜಾತಿ. ಯಾವುದೋ ಸಿನಿಮಾದಲ್ಲಿ ಪೀಚಲು ಕಳ್ಳನೊಬ್ಬ ಬಂದಾಗ ಪೊನ್ಸಿಯಾನೊ ಬಾಯಿಗೆ ಬಂದ ಹೆಸರು ಎಸೆದಿದ್ದ: “ಬಂದ ನೋಡಿ, ಫೋನ್ ಕಳ್ಳ ವಾಸ್ವ!” ವಾಸ್ವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಂದಿನಿಂದ ಯಾವ ಸಿನಿಮಾದಲ್ಲಿ ಯಾವ ಕಳ್ಳ ಬಂದರೂ ಅವನು ವಾಸ್ವನೇ. ಪರದೆಯ ಮೇಲೆ ಕಳ್ಳನನ್ನು ಹಿಡಿದವನು ಪೊನ್ಸಿಯಾನೊನ ಬಾಯಲ್ಲಿ “ಕೊಡೋ ಫೋನು” ಎಂದು ಗದರಿದರೆ, ಕೆಳಗೆ ಬೆಂಚಿನ ಮೇಲೆ ನಿಂತು ವಾಸ್ವ, “ಕೊಡಲ್ಲ, ಏನ್ ಮಾಡ್ತೀಯಾ?” ಎಂದು ಕೂಗಬೇಕು. ಆ ಮೇಲೆ ಅವನು ಸಾಯಬೇಕು. ಇದು ಪ್ರತಿ ವಾರದ ಪದ್ಧತಿಯಾಯಿತು.

ಅವನ ತಾಯಿ ಶೆಡ್ಡಿನ ಹೊರಗೆ ಜೋಳ ಸುಡುವವಳು. ಅವಳಿಗಳ ತಾಯಿಯಾದ್ದರಿಂದ ಎಲ್ಲರೂ ನಾಲೊಂಗೊ ಎಂದೇ ಕರೆಯುತ್ತಿದ್ದರು. ವಾಸ್ವನ ಜೊತೆ ಹುಟ್ಟಿದ ಕಾಟೊ ಹಾಲು ಬಿಡುವ ಮೊದಲೇ ಹೋಗಿದ್ದ. ಒಂದು ದಿನ ಅವಳು ಇಕ್ಕಳ ಹಿಡಿದುಕೊಂಡೇ ಪೊನ್ಸಿಯಾನೊನನ್ನು ಅಡ್ಡಗಟ್ಟಿದಳು.

“ಏನಯ್ಯಾ, ನನ್ನ ಮಗನ್ನ ದಿನಾ ‘ಸತ್ತ, ಸತ್ತ’ ಅಂತೀಯಲ್ಲ, ನಾಲಿಗೆಗೆ ಎಲುಬಿಲ್ಲ ಅಂತ ಏನ್ ಬೇಕಾದ್ರೂ ಅನ್ನೋದಾ? ಅವಳಿ ಮಕ್ಕಳು ಸಾಯಲ್ಲ, ಹಾರಿ ಹೋಗ್ತಾರೆ. ಹಾಗಂತಾರೆ ನಮ್ಮಲ್ಲಿ. ನಿನಗ್ಯಾರೂ ಹೇಳಿಕೊಡ್ಲಿಲ್ವಾ?”

“ತಪ್ಪಾಯ್ತಮ್ಮಾ.”

“ಕಳ್ಳ ಅಂತ ಬೇರೆ. ಒಂದು ಮೊಳೆ ಕದ್ದೋನಲ್ಲ ನನ್ನ ಮಗ.”

“ಆಟಕ್ಕಲ್ವಾ ನಾಲೊಂಗೊ. ಅವನೇ ಕೇಳ್ತಾನೆ, ಹೇಳು ಹೇಳು ಅಂತ.”

“ಅವನಿಗೆ ಬುದ್ಧಿ ಇಲ್ಲ. ನಿನಗೂ ಇಲ್ವಾ?” ಎಂದು ಅವಳು ಇದ್ದಿಲು ಕೆದಕಲು ಹೋದಳು.

ಪೊನ್ಸಿಯಾನೊ ಅದನ್ನೂ ಶೆಡ್ಡಿಗೆ ತಂದ. ಮುಂದಿನ ಆಟದಲ್ಲಿ ಕಳ್ಳನಿಗೆ ಗುಂಡು ಬಿದ್ದಾಗ, “ಸತ್ತ ಅನ್ಬೇಡಿ, ಅವರಮ್ಮ ಹೊಡೀತಾಳೆ! ವಾಸ್ವ ಹಾರಿದ!” ಎಂದ. ಜನ ಹುಚ್ಚೆದ್ದು ಕುಣಿದರು. ಅಂದಿನಿಂದ ‘ವಾಸ್ವ ಹಾರಿದ’ ಎನ್ನುವುದು ನತೀಟೆಯ ಗಾದೆಯೇ ಆಯಿತು. ಬಸ್ಸು ತಪ್ಪಿದರೆ ವಾಸ್ವ ಹಾರಿದ, ಕರೆಂಟು ಹೋದರೆ ವಾಸ್ವ ಹಾರಿದ.

ಶನಿವಾರ ಬೆಳಿಗ್ಗೆ, ಮಾರುಕಟ್ಟೆ ಕಿಕ್ಕಿರಿದ ಹೊತ್ತು. ಪೊನ್ಸಿಯಾನೊ ಬಾಗೂಮನ ಅಂಗಡಿಯ ಹಲಗೆಯ ಮೇಲೆ ಕೂತು ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಿದ್ದ. ಆಚೆ ಟೊಮೆಟೊ ಸಾಲಿನಲ್ಲಿ ಒಬ್ಬ ಹೆಂಗಸು ಎದೆ ಬಡಿದುಕೊಂಡು, “ನನ್ನ ಫೋನೂ!” ಎಂದು ಕೂಗು ಹಾಕಿದಳು. ಅಂಥ ಕೂಗು ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು, ಅದು ಹಿಂದಿನಿಂದ ಬಂದ ರೂಢಿ. ನಾಲ್ಕೂ ಕಡೆಯಿಂದ ಜನ ಓಡಿದರು. ಬಾಗೂಮ ಕೂಡ ಹಿಟ್ಟಿನ ಕೈಯಲ್ಲೇ ಓಡಿದ.

ದರ್ಜಿ ಲುಬೊವ ತಮಾಷೆಗೇ ವಾಸ್ವನ ಕತ್ತಿನ ಪಟ್ಟಿ ಹಿಡಿದ. ತಮಾಷೆಗೇ, ದೇವರಾಣೆ. ನಗುತ್ತಲೇ, “ಕೊಡೋ ಕಳ್ಳ ಫೋನು!” ಎಂದ. ಬೂಟು ಉಜ್ಜುತ್ತಿದ್ದ ವಾಸ್ವ ಎದ್ದು ನಿಂತು, ಶೆಡ್ಡಿನ ಅಭ್ಯಾಸದಂತೆ ಎದೆ ಸೆಟೆಸಿ, ಹಲ್ಲು ಕಿಸಿದು ಹೇಳಿದ: “ಕೊಡಲ್ಲ, ಏನ್ ಮಾಡ್ತೀಯಾ?”

ಬಲ್ಲವರು ನಕ್ಕರು. ಅರಿಯದವರೂ ಅಲ್ಲಿದ್ದರು. ಕೂಗು ಕೇಳಿ ಬಸ್ಸು ನಿಲ್ದಾಣದಿಂದ ಓಡಿಬಂದವರು, ಮೋಟರ್ ಬೈಕಿನವರು. ಕಳ್ಳನೇ ಒಪ್ಪಿಕೊಂಡು ಮೇಲೆ ಜಂಬ ಕೊಚ್ಚುತ್ತಿದ್ದಾನೆ ಎಂದುಕೊಂಡ ಒಬ್ಬ ಹಿಂದಿನಿಂದ ಬಂದು ವಾಸ್ವನ ಕಿವಿಯ ಮೇಲೆ ಬಾರಿಸಿದ. ವಾಸ್ವ ಇನ್ನೂ ನಗುತ್ತಿದ್ದ. ಎರಡನೇ ಏಟು ಬಿತ್ತು. “ಏ, ಆಟ ಕಣ್ರೋ” ಎಂದ.

ಪೊನ್ಸಿಯಾನೊಗೆ ಕೂತಲ್ಲಿಂದ ಕಂಡದ್ದು ಬರೀ ಬೆನ್ನುಗಳು, ಕೇಳಿದ್ದು ಬರೀ ನಗು. ಯಾರೋ ಅವನತ್ತ ತಿರುಗಿ, “ವೀಜೆ, ಹೇಳಣ್ಣಾ!” ಎಂದು ಕೂಗಿದರು. ಅವನು ಚಪಾತಿಯ ತುಂಡು ನುಂಗದೆಯೇ, ಆ ಕಡೆ ನೋಡದೆಯೇ ಕೈಯೆತ್ತಿ ಕೂಗಿದ: “ವಾಸ್ವ ಹಾರಿದ!”

ಇಡೀ ಗುಂಪು ಹೋ ಎಂದಿತು. ಆಗಲೇ ಒಂದು ಇಟ್ಟಿಗೆ ಜನರ ತಲೆಯ ಮೇಲೆದ್ದು ಕೆಳಗಿಳಿಯಿತು.

ಇಟ್ಟಿಗೆ ಕಂಡ ಮೇಲೆ ಅವನು ಓಡಿದ. ನುಗ್ಗಿ ಒಳಗೆ ಹೋದರೆ ವಾಸ್ವ ಬೂಟುಗಳ ನಡುವೆ ಬಿದ್ದಿದ್ದ. ಬಲಗಣ್ಣಿನ ಜಾಗ ಗೊತ್ತಾಗುತ್ತಿರಲಿಲ್ಲ. “ಬೇಡ ಅಣ್ಣಾ, ಬೇಡ” ಎನ್ನುತ್ತಿದ್ದ. ಪೊನ್ಸಿಯಾನೊ ಎರಡೂ ಕೈ ಚಾಚಿ ಕಿರುಚಿದ.

“ನಿಲ್ಸಿ! ಇವನು ಕಳ್ಳ ಅಲ್ಲ! ನಾನು ಹುಟ್ಟಿಸಿದ್ದು ಅದು, ನನ್ನ ಬಾಯಿಂದ ಬಂದಿದ್ದು! ನಾನು ಹೇಳ್ತಿದೀನಲ್ರೋ!”

ಜನ ಬಿದ್ದು ಬಿದ್ದು ನಕ್ಕರು. “ಆಹಾ, ಎಂಥಾ ಧ್ವನಿ ನೋಡ್ರೋ!” ಎಂದ ಒಬ್ಬ. “ಅಳು ಅಳು, ಇನ್ನೂ ಸ್ವಲ್ಪ ಅಳಣ್ಣಾ!” ಎಂದ ಇನ್ನೊಬ್ಬ. ಶೆಡ್ಡಿನಲ್ಲಿ ಅವನು ಸತ್ತವರ ಹೆಂಡಿರಾಗಿ, ತಾಯಂದಿರಾಗಿ ಅತ್ತದ್ದು ಕಡಿಮೆಯೇ? ಇದೂ ಅದೇ ಎಂದುಕೊಂಡರು. ಅವನು ಬೇಡಿಕೊಂಡಷ್ಟೂ ಅವರಿಗೆ ಹುರುಪು ಬಂತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅಲ್ಲಿ ಇಲಿಯ ಪರವಾಗಿ ಅಳುವವನೂ ಆಟದವನೇ ಆಗಿಬಿಟ್ಟಿದ್ದ.

ಮಾತು ಕೈಕೊಟ್ಟಿತು. ಆ ಮೇಲೆ ಅವನು ಮಾಡಿದ್ದು ಒಂದೇ. ವಾಸ್ವನ ಮೇಲೆ ಬೋರಲಾಗಿ ಮಲಗಿಬಿಟ್ಟ. ಅವನ ತಲೆಯನ್ನು ತನ್ನ ಎದೆಯ ಕೆಳಗೆ ಎಳೆದುಕೊಂಡ. ಒದೆತಗಳು ಪಕ್ಕೆಗೆ ಬಿದ್ದವು, ಕಲ್ಲೊಂದು ಹೆಗಲಿಗೆ ಬಿತ್ತು. ಕಾಲುಗಳ ಸಂದಿಯಿಂದ ಅವನಿಗೆ ಮುಖಗಳು ಕಂಡವು. ಲುಬೊವ ಕಂಡ. ಬಾಗೂಮ ಕಂಡ, ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಕಿಸಿಟು ಕಂಡ. ಒಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ. ಶೆಡ್ಡಿನಲ್ಲಿ ಬೆಂಚಿನ ಮೇಲೆ ಕೂತಾಗ ಹೇಗಿರುತ್ತದೋ ಹಾಗೇ ಇದ್ದವು ಆ ಮುಖಗಳು.

ಆ ಗಳಿಗೆಯಲ್ಲಿ ಅವನ ತಲೆಗೆ ಬಂದ ಯೋಚನೆಯನ್ನು ಅವನು ಈವರೆಗೆ ಹೆಂಡತಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ. ಮಣ್ಣಿಗೆ ಇಳಿಯುತ್ತಿದ್ದ ವಾಸ್ವನ ರಕ್ತ ನೋಡಿ, ‘ಇಷ್ಟೇನಾ? ಬಣ್ಣವೂ ಸರಿಯಿಲ್ಲ’ ಎಂದುಕೊಂಡ. ಹೊಟ್ಟೆ ತೊಳಸಲಿಲ್ಲ. ಏನೂ ಆಗಲಿಲ್ಲ. ಅಜ್ಜಿಯ ಕೈ ಹಿಡಿದು ನಿಲ್ಲುತ್ತಿದ್ದ ಆ ಹುಡುಗ ಯಾವಾಗ ಸತ್ತನೋ ಗೊತ್ತಿಲ್ಲ.

“ಸಿಕ್ತು! ಸಿಕ್ತೂ!” ಎಂದು ಆ ಹೆಂಗಸು ಓಡಿ ಬಂದಳು. ಚಾರ್ಜಿಗೆ ಇಟ್ಟ ಅಂಗಡಿಯಲ್ಲೇ ಫೋನು ಮರೆತಿದ್ದಳಂತೆ. ಒದೆತಗಳು ನಿಂತವು. ಸಿನಿಮಾ ಮುಗಿದು ಬಾಗಿಲು ತೆರೆದಾಗ ಜನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೋಗುವ ಹಾಗೆ, ಒಬ್ಬೊಬ್ಬರೇ ಚದುರಿದರು. “ಅಯ್ಯೋ ಪಾಪ” ಎಂದವರೂ ಇದ್ದರು. ಎಂದು, ಟೊಮೆಟೊ ಆರಿಸಿಕೊಂಡರು.

ವಾಸ್ವ ಬದುಕಿದ. ಬಲಗಣ್ಣು ಹೋಯಿತು, ದವಡೆಗೆ ತಂತಿ ಕಟ್ಟಿದರು. ಪೊಲೀಸರು ಬಂದು ಕೇಳಿದಾಗ ನತೀಟೆಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಎಲ್ಲರೂ ಆ ಹೊತ್ತಿಗೆ ಊರಿಗೆ ಹೋಗಿದ್ದರಂತೆ. ಪೊನ್ಸಿಯಾನೊ ಕೂಡ ಬಾಯಿ ತೆರೆಯಲಿಲ್ಲ. ದಿನ ಬೆಳಗಾದರೆ ಅದೇ ಜನದ ನಡುವೆ ಬಾಳಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಅವನು ಶೆಡ್ಡಿಗೆ ಹೋಗುವುದನ್ನು ಬಿಟ್ಟ. ಹಾಜಿ ಮನೆಗೇ ಬಂದು ಕೂತ.

“ಯಾರೂ ಸಾಯ್ಲಿಲ್ವಲ್ಲಯ್ಯಾ. ಯಾಕಿಷ್ಟು ಹಚ್ಕೊಂಡಿದೀಯ? ಜನ ನಿನ್ನನ್ನೇ ಕೇಳ್ತಾರೆ. ಬೇರೆ ವೀಜೆನ ತಂದ್ರೆ ಅವನಿಗೆ ಬೆಂಚು ಎಸೆದ್ರು.”

“ನನ್ನ ಕೈಲಾಗಲ್ಲ ಹಾಜಿ. ದಣಿವಾಗಿದೆ.”

“ದಣಿವಿಗೆ ಮಲಗ್ಬೇಕು, ಎದ್ದು ಬರ್ಬೇಕು. ಕೆಲಸ ಬಿಡೋದಾ?”

ವಾಸ್ವ ಆಸ್ಪತ್ರೆಯಿಂದ ಬಂದ ಮೇಲೆ ಪೊನ್ಸಿಯಾನೊ ಒಂದು ಗೊನೆ ಬಾಳೆಕಾಯಿ ಹೊತ್ತುಕೊಂಡು ಅವರ ಮನೆಗೆ ಹೋದ. ನಾಲೊಂಗೊ ಬಾಗಿಲಲ್ಲೇ ಕೂತು ಮಗನಿಗಾಗಿ ಗಂಜಿ ಸೋಸುತ್ತಿದ್ದಳು. ವಾಸ್ವ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಬೈದುಬಿಡು ನಾಲೊಂಗೊ” ಎಂದ ಪೊನ್ಸಿಯಾನೊ. “ಎರಡು ಬೈದರೆ ನನಗೂ ಹಗುರ ಆಗುತ್ತೆ.”

“ಬೈಯೋಕೂ ಶಕ್ತಿ ಬೇಕಪ್ಪಾ” ಎಂದಳು ಅವಳು. ತಲೆ ಎತ್ತಲಿಲ್ಲ. “ನೀನು ಮೇಲೆ ಬಿದ್ದು ಉಳಿಸ್ದೆ. ಅದೂ ನಿಜ. ಆದ್ರೆ ಕೇಳು. ಫೋನ್ ಸಿಕ್ಕಿದ್ದು ಯಾರಿಗೂ ನೆನಪಿಲ್ಲ. ಏಟು ತಿಂದಿದ್ದು ಎಲ್ಲರಿಗೂ ನೆನಪಿದೆ. ಏಟು ತಿಂದೋನು ಕಳ್ಳ ಅಲ್ದೆ ಇನ್ನೇನು? ನಿನ್ನೆ ಗೋಣಿ ಹಾಸ್ಕೊಂಡು ಕೂತ್ರೆ, ಬಂದೋರೆಲ್ಲಾ ಬೂಟು ನೋಡೋಕ್ ಮುಂಚೆ ಜೇಬು ಮುಟ್ಟಿ ನೋಡ್ಕೊಂಡ್ರು. ಅವನು ಎದ್ದು ಬಂದ್ಬಿಟ್ಟ.”

“ನಾನೇನು ಮಾಡ್ಲಿ ಹೇಳು.”

“ಕಳ್ಳ ಅಂತ ಅಂಟಿಸಿದೋನು ನೀನು. ನೀನೇ ಕಿತ್ತು ತೆಗಿ. ಬೇರೆ ಯಾರು ಹೇಳಿದ್ರೂ ಈ ಜನ ಕೇಳಲ್ಲ, ನೀನು ಹೇಳಿದ್ದನ್ನ ಕೇಳ್ತಾರೆ.”

ಅದಕ್ಕೆ ಇದ್ದ ದಾರಿ ಒಂದೇ. ಪೊನ್ಸಿಯಾನೊ ಹಾಜಿಗೆ ಹೇಳಿಕಳುಹಿಸಿದ. ಒಬ್ಬನೇ ನಾಯಕ ಊರೆಲ್ಲವನ್ನೂ ಗೆಲ್ಲುವ ಸಿನಿಮಾ ಇದ್ದರೆ ತೆಗೆದಿಡು, ನಾಯಕ ಸಾಯಬಾರದು ಎಂದ. ಆ ನಾಯಕನೇ ವಾಸ್ವನಾಗಬೇಕು. ಕಳ್ಳ ವಾಸ್ವನನ್ನು ಅಳಿಸಿ ವೀರ ವಾಸ್ವನನ್ನು ಅಂಟಿಸಬೇಕು. ಎಷ್ಟೋ ದಿನಗಳ ಮೇಲೆ ಅವನಿಗೆ ಒಂದು ಕೆಲಸ ಮಾಡಬೇಕೆಂಬ ಆಸೆ ಹುಟ್ಟಿತ್ತು. ವಾಸ್ವನನ್ನೂ ಕರೆದ. ವಾಸ್ವ ಒಂದೇ ಕಣ್ಣಿನಲ್ಲಿ ಅವನನ್ನು ಬಹಳ ಹೊತ್ತು ನೋಡಿ, ತಂತಿ ಬಿಗಿದ ದವಡೆಯಿಂದಲೇ, “ಬರ್ತೀನಿ” ಎಂದ.

ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ಸೂಜಿ ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಲುಬೊವ, ಬಾಗೂಮ, ಕಿಸಿಟು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ವಾಸ್ವ ಬಂದಾಗ ದಾರಿ ಬಿಟ್ಟರು. “ಬಾರೋ, ಬಾರೋ ಮುಂದೆ!” ಎಂದು ಲುಬೊವನೇ ಮೊದಲ ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. ಬಾಗೂಮ ಚಪಾತಿ ತಂದು ಅವನ ತೊಡೆಯ ಮೇಲಿಟ್ಟ. ಅಗಿಯಲಾಗದ ವಾಸ್ವ ಅದನ್ನು ಹಾಗೇ ಇಟ್ಟುಕೊಂಡ.

ಸಿನಿಮಾ ಶುರುವಾಯಿತು. ಕಬ್ಬಿನ ತೋಟದ ನಡುವೆ ದೊಡ್ಡ ಮಚ್ಚು ಹಿಡಿದು ಒಬ್ಬ ನಡೆದು ಬಂದ. ಪೊನ್ಸಿಯಾನೊ ಎದ್ದು ನಿಂತು ಎದೆ ತುಂಬ ಗಾಳಿ ಎಳೆದುಕೊಂಡ.

“ನೋಡ್ರಪ್ಪಾ ನೋಡಿ! ಬಂದ ನಮ್ಮ ನತೀಟೆ ಹುಲಿ! ಯಾರ ಒಂದು ಮೊಳೇನೂ ಮುಟ್ಟದೋನು, ನಾಲೊಂಗೊ ಮಗ, ವಾಸ್ವ!”

ಶೆಡ್ಡು ಒಂದು ಕ್ಷಣ ತಬ್ಬಿಬ್ಬಾಯಿತು. ಆ ಮೇಲೆ ತಗಡು ಹಾರಿಹೋಗುವ ಹಾಗೆ ಶಿಳ್ಳೆ ಬಿತ್ತು. ಗೆದ್ದೆ ಎಂದುಕೊಂಡ ಪೊನ್ಸಿಯಾನೊ. ಕಬ್ಬಿನಿಂದ ರೌಡಿಗಳು ಹೊರಬಿದ್ದರು. ನಾಯಕ ಮಚ್ಚೆತ್ತಿದ. ಪೊನ್ಸಿಯಾನೊ ಮೊದಲನೆಯವನಿಗೆ ಹೆಸರು ಹುಡುಕುತ್ತಿರುವಾಗ ಮುಂದಿನ ಬೆಂಚಿನಿಂದ ತೊದಲುವ ಧ್ವನಿ ಬಂತು.

“ಹಸಿರು ಅಂಗಿಯೋನು ಲುಬೊವ.”

ವಾಸ್ವ. ಕಣ್ಣು ಪರದೆಯ ಮೇಲೇ ಇತ್ತು. ಕಿವಿಗೆ ಬಿದ್ದ ಹೆಸರನ್ನು ಯೋಚಿಸದೆ ಕೂಗಿ ರೂಢಿಯಾದ ಪೊನ್ಸಿಯಾನೊ, “ಲುಬೊವ! ಸೂಜಿಗೆ ದಾರ ಪೋಣಿಸೋಕೆ ಬಂದು ಮಚ್ಚಿಗೆ ಕತ್ತು ಪೋಣಿಸ್ದ!” ಎಂದ. ಮಚ್ಚು ಬಿತ್ತು. ಲುಬೊವ ಎದ್ದು ಕುಣಿದ.

“ಗಡ್ಡದೋನು ಬಾಗೂಮ.”

“ಬಾಗೂಮ! ಹಿಟ್ಟು ನಾದಿದ ಕೈ ನೋಡಿ, ಅದೋ ಬಿತ್ತು!”

“ಆ ಕುಂಟೋನು ಕಿಸಿಟು.”

ಒಬ್ಬೊಬ್ಬರ ಹೆಸರೂ ಬಂತು. ಹೆಸರು ಬಂದವನೆಲ್ಲ ಎದ್ದು ಕೇಕೆ ಹಾಕಿದ. “ಸೇಡು ತೀರಿಸ್ಕೊಂಡ್ಬಿಟ್ಟ ಕಣ್ರೋ ನಮ್ಮ ಹುಡುಗ! ಇನ್ನು ಸರಿಹೋಯ್ತು, ಎಲ್ಲಾ ಸರಿಹೋಯ್ತು!” ಎಂದು ಬಾಗೂಮ ಹಿಂದಿನಿಂದ ವಾಸ್ವನ ಭುಜ ಅಲುಗಾಡಿಸಿದ. ಜನ ಬೆಂಚು ಬಡಿದರು. “ಕೊಲ್ಲು ವಾಸ್ವ, ಕೊಲ್ಲು!”

ಪೊನ್ಸಿಯಾನೊ ಮಾತ್ರ ವಾಸ್ವನ ಮುಖ ನೋಡಿದ. ಬೈದರೂ ನಗುತ್ತಿದ್ದ ಆ ಮುಖದಲ್ಲಿ ನಗುವಿರಲಿಲ್ಲ. ಅವನು ಆಟ ಆಡುತ್ತಿರಲಿಲ್ಲ. ಯಾರು ಮೊದಲು ಹಿಡಿದರು, ಯಾರ ಕೈಯಲ್ಲಿ ಇಟ್ಟಿಗೆಯಿತ್ತು, ಯಾರು ಒದ್ದರು ಎಂಬುದನ್ನು ಅವನು ಅಂದು ಕಣ್ಣಾರೆ ನೋಡಿದ್ದ. ಒಂದೂ ತಪ್ಪದೆ ಹೇಳುತ್ತಿದ್ದ. ಪೊಲೀಸರಿಗೆ ಯಾರೂ ಹೇಳದ ಹೆಸರುಗಳನ್ನೆಲ್ಲ ಅವನು ಊರ ಮುಂದೆಯೇ ಹೇಳುತ್ತಿದ್ದ. ಊರು ಚಪ್ಪಾಳೆ ತಟ್ಟುತ್ತಿತ್ತು. ಒಂದೊಂದು ಹೆಸರಿಗೂ ಅವನ ಬಲಗೈ, ತೊಡೆಯ ಮೇಲಿನ ಚಪಾತಿಯನ್ನು ಹಿಸುಕಿ ಬಿಗಿಯಾಗುತ್ತಿತ್ತು. ಕಳ್ಳನೆಂಬ ಹೆಸರು ಕಿತ್ತು ತಾನು ಅಂಟಿಸಿದ್ದು ಕೊಲ್ಲುವವನ ಹೆಸರೆಂದು ಪೊನ್ಸಿಯಾನೊಗೆ ಈಗ ಹೊಳೆಯಿತು.

ಪರದೆಯ ಮೇಲೆ ಕೊನೆಯವನೊಬ್ಬ ಉಳಿದಿದ್ದ. ಬರಿಗೈ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಮಚ್ಚು ಹಿಡಿದವನು ಅವಸರವಿಲ್ಲದೆ ಹತ್ತಿರ ನಡೆದ.

“ಇವನ್ಯಾರೋ ವಾಸ್ವ? ಬೇಗ ಹೇಳೋ!” ಎಂದು ಹಿಂದಿನವರು ಕೂಗಿದರು.

ವಾಸ್ವ ಮೊದಲ ಸಲ ಪರದೆ ಬಿಟ್ಟು ಈ ಕಡೆ ತಿರುಗಿದ.

“ಪೊನ್ಸಿಯಾನೊ” ಎಂದ.

ಜನ ಎದ್ದೇ ನಿಂತರು. ವೀಜೆ ಸಾಯುವುದನ್ನು ಇಷ್ಟು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. “ಹೇಳಣ್ಣಾ, ಹೇಳು! ನಿನ್ನ ಹೆಸರು ಹೇಳು!” ಹಾಜಿ ಕೂಡ ಬಾಗಿಲ ಬಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೇರೆ ಹೆಸರು ಎಸೆದು ಪಾರಾಗಬಹುದಿತ್ತು, ಅವನ ನಾಲಿಗೆಗೆ ಅದೇನು ಕಷ್ಟ? ವಾಸ್ವನ ಒಂಟಿ ಕಣ್ಣು ಅವನನ್ನು ಬಿಡಲಿಲ್ಲ.

“ಇವನು ಪೊನ್ಸಿಯಾನೊ” ಎಂದ ಅವನು. “ಲುವೇರೊದವನು.”

ಇನ್ನೊಂದು ಮಾತು ಸೇರಿಸಬೇಕು, ಹೆಂಡತಿಯದೋ ಮಕ್ಕಳದೋ, ನಗುವಂಥದ್ದು. ಬಾಯಿ ತೆರೆದರೆ ಏನೂ ಬರಲಿಲ್ಲ. ಮಚ್ಚು ಮೇಲೆದ್ದಿತು. ಪೊನ್ಸಿಯಾನೊನ ಹೊಟ್ಟೆ ತೊಳಸಿತು. ಭಯವಾಯಿತು ಅವನಿಗೆ, ಹುಡುಗನಾಗಿದ್ದಾಗ ಆಗುತ್ತಿದ್ದಂಥದೇ ಭಯ.

“ಬೇಡ ವಾಸ್ವ” ಎಂದ ಮೈಕಿನಲ್ಲೇ. “ಬೇಡಪ್ಪಾ. ತಪ್ಪಾಯ್ತು.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಎಷ್ಟು ಚೆನ್ನಾಗಿ ಮಾಡ್ತಾನಪ್ಪಾ ಎಂದು ಲುಬೊವ ಕಣ್ಣೊರೆಸಿಕೊಂಡ.